ಬೆಂಕಿಯ ಮುಂದೆ ಯಂತ್ರವೂ ಮಾನವನೂ

ಅಪಾಯದ ಕಾರ್ಯಗಳನ್ನೆಲ್ಲ ಯಂತ್ರಕ್ಕೆ ಒಪ್ಪಿಸಿ ಮಾನವನು ದೂರದಲ್ಲಿ ನಿಶ್ಚಿಂತನಾಗಿರಬಹುದೆಂಬ ಭಾವನೆ ಇಂದು ಬಲವಾಗಿ ಬೇರೂರುತ್ತಿದೆ. ಬೆಂಕಿ ನಂದಿಸುವ ಕಾರ್ಯಕ್ಕೂ ದೂರನಿಯಂತ್ರಿತ ಯಂತ್ರಗಳು ಬಂದಿವೆ. ಅವುಗಳನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಪ್ರಶ್ನೆಗೆ 2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್ ನಗರದ ನೋತ್ರ್ ದಾಮ್ ಚರ್ಚಿಗೆ ತಗುಲಿದ ಬೆಂಕಿಯು ತಕ್ಕ ಉತ್ತರವನ್ನು ನೀಡುತ್ತದೆ.

ಕಲ್ಯಾಣದಲ್ಲಿ ಶರಣರು ಬಾಳಿದ ಹನ್ನೆರಡನೆಯ ಶತಮಾನದಲ್ಲಿಯೇ ನಿರ್ಮಾಣವಾಗತೊಡಗಿದ ಆ ಭವ್ಯ ಮಂದಿರದ ಮಾಡನ್ನು ಓಕ್ ಮರದ ತೊಲೆಗಳು ಹೊತ್ತಿದ್ದವು. ಬೆಂಕಿಯ ಸುಳಿವನ್ನು ಮೊದಲು ಅರಿತದ್ದು ಯಂತ್ರವೇ. ಆದರೆ ಅದು ನೀಡಿದ ಎಚ್ಚರಿಕೆಯನ್ನು ಅರ್ಥೈಸುವಲ್ಲಿ ಪ್ರಮಾದವಾಗಿ, ಕಾವಲುಗಾರನು ಬೇರೊಂದು ಭಾಗದ ಅಟ್ಟವನ್ನು ಶೋಧಿಸಲು ಹೋದನು. ಸುಮಾರು ಅರ್ಧ ಗಂಟೆ ವ್ಯರ್ಥವಾಯಿತು. ಅಷ್ಟರಲ್ಲಿ ಜ್ವಾಲೆ ಮಾಡನ್ನು ಆವರಿಸಿತ್ತು.

ಎತ್ತರದ ಶಿಖರವು ಕುಸಿದು, ಮೇಲಿನಿಂದ ಉರಿಯುವ ತೊಲೆಗಳೂ ಕರಗಿದ ಸೀಸವೂ ಬೀಳುತ್ತಿದ್ದ ಸಮಯದಲ್ಲಿ ಒಳಾಂಗಣದಲ್ಲಿ ನಿಲ್ಲುವುದು ಪ್ರಾಣಾಂತಿಕವಾಗಿತ್ತು. ಅಲ್ಲಿಗೆ ಅಗ್ನಿಶಾಮಕ ದಳವು 'ಕೊಲೊಸಸ್' ಎಂಬ, ಸುಮಾರು 500 ಕಿಲೋಗ್ರಾಂ ತೂಕದ ಯಂತ್ರವನ್ನು ಕಳುಹಿಸಿತು. ಟ್ಯಾಂಕಿನಂತೆ ಚಲಿಸುವ ಆ ಯಂತ್ರವು ನೀರಿನ ಕೊಳವೆಯನ್ನು ಎಳೆದೊಯ್ದು, ದೂರದಲ್ಲಿದ್ದ ಚಾಲಕನ ಅಣತಿಯಂತೆ ನೀರು ಸುರಿಸಿತು. ಆಕಾಶದಲ್ಲಿ ಹಾರಾಡಿದ ಡ್ರೋನುಗಳು ಬೆಂಕಿಯ ನೆಲೆಯನ್ನು ತೋರಿಸಿದವು. ಇವು ಇಲ್ಲದಿದ್ದರೆ ಎಷ್ಟು ಪ್ರಾಣಗಳು ಅಪಾಯಕ್ಕೀಡಾಗುತ್ತಿದ್ದವೋ!

ಆದರೆ ಮಂದಿರವನ್ನು ಉಳಿಸಿದ ನಿರ್ಣಾಯಕ ಹೋರಾಟ ನಡೆದದ್ದು ಉತ್ತರದ ಗಂಟೆಗೋಪುರದಲ್ಲಿ. ಭಾರವಾದ ಗಂಟೆಗಳನ್ನು ಹೊತ್ತ ಮರದ ಚೌಕಟ್ಟು ಬೆಂದು ಬಿದ್ದರೆ ಗೋಪುರವೂ, ಅದರೊಂದಿಗೆ ಮಂದಿರವೂ ಉರುಳುವ ಭಯವಿತ್ತು. ಇಕ್ಕಟ್ಟಾದ ಸುರುಳಿ ಮೆಟ್ಟಿಲುಗಳ ಆ ಗೋಪುರಕ್ಕೆ ಯಂತ್ರವು ಏರಲಾರದು. ಹಿಂದಿರುಗುವ ಭರವಸೆಯಿಲ್ಲದ ಆ ಸ್ಥಳಕ್ಕೆ ತನ್ನವರನ್ನು ಕಳುಹಿಸುವ ಕಠಿಣ ನಿರ್ಧಾರವನ್ನು ದಳದ ಅಧಿಪತಿ ಜನರಲ್ ಗಾಲೆ ಕೈಗೊಂಡರು. ಒಂದು ಚಿಕ್ಕ ತುಕಡಿ ಮೇಲೇರಿ ಬೆಂಕಿಯನ್ನು ತಡೆಯಿತು. ಗೋಪುರ ಉಳಿಯಿತು, ಯಾರೊಬ್ಬರೂ ಪ್ರಾಣ ಕಳೆದುಕೊಳ್ಳಲಿಲ್ಲ. ದುರಸ್ತಿಗೊಂಡ ಮಂದಿರವು 2024ರ ಡಿಸೆಂಬರಿನಲ್ಲಿ ಪುನಃ ತೆರೆಯಿತು.

ಯಂತ್ರವು ಹೋಗಬಲ್ಲೆಡೆಗೆ ಮನುಷ್ಯನನ್ನು ನೂಕುವುದು ಶೌರ್ಯವೆನಿಸದು, ಅದು ಅವಿವೇಕ. ಅಂತೆಯೇ ಯಂತ್ರವಿದೆಯೆಂದು ವಿವೇಚನೆಯನ್ನು ಅದಕ್ಕೆ ಒಪ್ಪಿಸುವುದೂ ಅವಿವೇಕವೇ. ಯಂತ್ರಕ್ಕೆ ಭಯವಿಲ್ಲ, ದಣಿವಿಲ್ಲ, ಹೊಣೆಯೂ ಇಲ್ಲ. ಮಾನವನ ದೇಹಕ್ಕೆ ಬದಲಾಗಿ ಅದು ನಿಲ್ಲಬಹುದು, ಅವನ ತೀರ್ಮಾನಕ್ಕೆ ಬದಲಾಗಿ ನಿಲ್ಲಬಾರದು. ಹಾಗೆಂದು ಮಾನವನು ತಪ್ಪು ಮಾಡುವುದಿಲ್ಲವೆಂದು ಅರ್ಥವಲ್ಲ. ಅಂದು ಕಳೆದುಹೋದ ಅರ್ಧ ಗಂಟೆಯೇ ಅದಕ್ಕೆ ಸಾಕ್ಷಿ. ಅಲ್ಲಿ ಯಂತ್ರಕ್ಕೆ ಹಣ ವ್ಯಯವಾಗಿತ್ತು; ಅದರ ನುಡಿಯನ್ನು ಅರಿಯುವ ಅಭ್ಯಾಸ ಸಾಲದಾಗಿತ್ತು.

ಈ ಪಾಠ ದೂರದ ಪ್ಯಾರಿಸ್ಸಿಗೆ ಮಾತ್ರ ಸೀಮಿತವಲ್ಲ. ಶಾಲೆಯ ಗೋಡೆಯ ಮೇಲೆ ತೂಗುವ ಅಗ್ನಿಶಾಮಕ ಸಾಧನವನ್ನು ಇಳಿಸಿ ಬಳಸಬಲ್ಲವರು ಎಷ್ಟು ಮಂದಿ? ಉಪಕರಣವನ್ನು ಕೊಡಿಸುವ ದಾನಿಗಳ ದಾಸೋಹವು ಸಾರ್ಥಕವಾಗುವುದು ಅದನ್ನು ಬಳಸಬಲ್ಲ ಕೈಗಳನ್ನೂ, ಬಳಸುವ ಹೊತ್ತನ್ನು ಅರಿಯಬಲ್ಲ ಮನಸ್ಸುಗಳನ್ನೂ ಶಿಕ್ಷಕರು ಸಿದ್ಧಗೊಳಿಸಿದಾಗ. ಯಂತ್ರವನ್ನು ಹಣದಿಂದ ಪಡೆಯಬಹುದು; ಅದನ್ನು ನಡೆಸುವ ವಿವೇಕವು ನಿತ್ಯದ ಕಾಯಕದಿಂದಲೇ ಬರಬೇಕು.