ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡ

ಮಗಳೋ ಸೊಸೆಯೋ ಅಮೆರಿಕದ ಟೆಕ್ಸಾಸಿನಲ್ಲಿದ್ದಾಳೆಯೇ? ಹಾಗಾದರೆ ಚಳಿಗಾಲಕ್ಕೆ ಮೊದಲೇ ಫೋನಿನಲ್ಲಿ ಒಂದು ಮಾತು ಹೇಳಿಬಿಡಿ.

ಅದೂ ಸೆಕೆಯ ಸೀಮೆಯೇ. ಆದರೂ 2021ರ ಫೆಬ್ರವರಿಯಲ್ಲಿ ಅಲ್ಲಿ ಹಿಮ ಸುರಿಯಿತು, ಕಲ್ಲುಪ್ಪಿನಂಥ ಮಂಜಿನ ಹರಳು ಉದುರಿತು, ಜೊತೆಗೆ ಹೆಪ್ಪುಗಟ್ಟುವ ಮಳೆ. ಈ ಮಳೆಯೇ ವಿಚಿತ್ರ ಕಣ್ರೀ! ಬೀಳುವಾಗ ನೀರು, ತಂತಿ, ಕೊಂಬೆ, ಮೆಟ್ಟಿಲು ಯಾವುದನ್ನು ಮುಟ್ಟಿದರೂ ಗಾಜಿನ ಹಾಗೆ ಗಟ್ಟಿ. 45 ಲಕ್ಷದಷ್ಟು ಮನೆ, ಅಂಗಡಿಗಳಿಗೆ ಕರೆಂಟಿಲ್ಲ.

ಚಳಿ ತಾಳಲಾರದೆ ಕೆಲವರು ಇದ್ದಲೊಲೆಯನ್ನು ಮನೆಯೊಳಗೇ ಹೊತ್ತಿಸಿದರು, ಕೆಲವರು ಗ್ಯಾರೇಜಿನಲ್ಲೇ ಕಾರು ಚಾಲೂ ಮಾಡಿ ಕೂತರು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಆಮೇಲೆ ಮಂಪರು. ಎಷ್ಟೋ ಜನ ಆಸ್ಪತ್ರೆ ಸೇರಿದರು, ಕೆಲವರು ಏಳಲೇ ಇಲ್ಲ.

ಎಲ್ಲರೂ ಒಂದೇ ಕೋಣೆ ಸೇರಿ, ಬಟ್ಟೆಯ ಮೇಲೆ ಬಟ್ಟೆ ಹಾಕಿ, ಕಂಬಳಿ ಹೊದ್ದು ಮಲಗಲಿ. ಕೊಳವೆ ಒಡೆಯದಂತೆ ನಲ್ಲಿಯಲ್ಲಿ ಸಣ್ಣಗೆ ನೀರು ಬಿಟ್ಟಿರಲಿ. ಬೆಂಕಿ ಮಾತ್ರ ಒಳಗೆ ಬೇಡ.

ನಾವೂ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುತ್ತೇವಲ್ಲ? ಹೊಗೆ ಆರಿದ ಕೆಂಡದಿಂದಲೂ ಅದೇ ವಿಷದ ಗಾಳಿ ಬರುತ್ತದೆ. ಕಿಟಕಿ ತೆರೆದಿಡಿ, ಮಗು ಮಲಗುವ ಮೊದಲು ಕೆಂಡವನ್ನು ಅಂಗಳಕ್ಕೆ ಸಾಗಿಸಿ. ಅತ್ತೆಯವರು ಗೊಣಗಿದರೆ ಗೊಣಗಲಿ.