ಜೇಮ್ಸ್‌ಟೌನ್‌ನ ಆ ಮನೆ ಯಾರದು?

2026ಕ್ಕೆ ಅಮೆರಿಕಕ್ಕೆ 250 ವರ್ಷ. ಹಬ್ಬದ ಹೊತ್ತಲ್ಲಿ ಯಾವ ಇತಿಹಾಸ ಹೇಳಬೇಕು, ಯಾವುದನ್ನು ಮುಚ್ಚಿಡಬೇಕು ಅನ್ನೋ ಜಗಳ ಅಲ್ಲಿ ಜೋರಾಗಿದೆ. ಈ ಗದ್ದಲದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗೋದು ವರ್ಜೀನಿಯಾದ ಜೇಮ್ಸ್‌ಟೌನ್‌ನ ಒಂದು ಮನೆಯ ಜಾಗ.

1607ರಲ್ಲಿ ಇಂಗ್ಲಿಷರು ನೆಲೆಯೂರಿದ ಊರು ಅದು. ಮನೆಯ ಯಜಮಾನ ಕ್ಯಾಪ್ಟನ್ ವಿಲಿಯಂ ಪಿಯರ್ಸ್, ಊರಿನ ಸ್ಥಿತಿವಂತರಲ್ಲಿ ಒಬ್ಬ. ಅವನ ಅಳಿಯ ಜಾನ್ ರಾಲ್ಫ್, ಪೊಕಹಾಂಟಸ್‌ಳ ಗಂಡ ಅಂತ ಶಾಲೆಯ ಮಕ್ಕಳಿಗೂ ಗೊತ್ತಿರುವವನು. ಪಿಯರ್ಸ್ ಬಗ್ಗೆ ದಾಖಲೆಗಳಿಗೆ ಬರವಿಲ್ಲ.

ಆದರೆ 1625ರ ಜನಗಣತಿಯಲ್ಲಿ ಆ ಮನೆಯ ನಾಲ್ವರು ಆಳುಗಳ ಪೈಕಿ ಒಬ್ಬ ಕಪ್ಪು ಹೆಣ್ಣುಮಗಳಿದ್ದಾಳೆ. ಬರೆದವನು 'ಏಂಜೆಲೊ' ಅಂತ ಗಂಡಸಿನ ಹೆಸರು ಗೀಚಿ, ಅವಳು ಬಂದ ಹಡಗು 'ಟ್ರೆಷರರ್' ಅಂತ ಸೇರಿಸಿದ್ದಾನೆ. ಅಂಗೋಲಾದಿಂದ ಪೋರ್ಚುಗೀಸರು ಸಾಗಿಸುತ್ತಿದ್ದ ಗುಲಾಮರನ್ನು 1619ರಲ್ಲಿ ನಡುಗಡಲಲ್ಲಿ ದೋಚಿದ ಎರಡು ಹಡಗುಗಳಲ್ಲಿ ಅದೂ ಒಂದು. ಅವಳು ಎಲ್ಲಿ ಮಲಗ್ತಿದ್ದಳು, ಯಾವಾಗ ಸತ್ತಳು, ಯಾವ ಕಾಗದವೂ ಹೇಳಲ್ಲ. 1625ರ ನಂತರ ಅವಳ ಸುಳಿವೇ ಇಲ್ಲ.

ಹಾಗಾಗಿ ಅವಳನ್ನು ಹುಡುಕೋಕೆ ಉಳಿದಿರೋದು ಮಣ್ಣು ಮಾತ್ರ. 2017ರಲ್ಲಿ ಶುರುವಾದ ಉತ್ಖನನಕ್ಕೆ 'ಏಂಜೆಲಾ ಸೈಟ್' ಅಂತಲೇ ಹೆಸರಿಟ್ಟರು. ಅಲ್ಲಿ ಕವಡೆಗಳೂ ಸಿಕ್ಕಿವೆ. ನಮ್ಮ ಪಗಡೆ, ಚೌಕಾಬಾರದ ಕವಡೆಯೇ! ಹಿಂದೂ ಮಹಾಸಾಗರದ ಕವಡೆ ಆಫ್ರಿಕಾದಲ್ಲಿ ಮನುಷ್ಯರನ್ನು ಕೊಳ್ಳುವ ಹಣವಾಗಿತ್ತು. ಇವು ಅವಳವೇ ಅಂತ ಹೇಳೋಕಾಗಲ್ಲ, ಬಿಡಿ.

ಈಗ ಬೋರ್ಡ್ ವಿಷಯಕ್ಕೆ ಬರೋಣ. ಹಿಂದಿನ ಅಮೆರಿಕನ್ನರನ್ನು ಕೀಳಾಗಿ ತೋರಿಸುವ ಬರಹ ಸರ್ಕಾರಿ ತಾಣಗಳಲ್ಲಿ ಇರಬಾರದು ಅಂತ 2025ರ ಮಾರ್ಚ್‌ನಲ್ಲಿ ಟ್ರಂಪ್ ಆದೇಶ ಹೊರಡಿಸಿದರು. ಅಂಥ ಬರಹ ಕಂಡರೆ ದೂರು ಕೊಡಿ ಅಂತ ರಾಷ್ಟ್ರೀಯ ಉದ್ಯಾನಗಳಲ್ಲಿ ಕ್ಯೂಆರ್ ಕೋಡ್ ಅಂಟಿಸಿದರು. 2026ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ, ವಾಷಿಂಗ್ಟನ್ ವಾಸವಿದ್ದ ಮನೆಯ ಜಾಗದಲ್ಲಿ, ಅವರ ಒಂಬತ್ತು ಗುಲಾಮರ ಕಥೆ ಹೇಳುತ್ತಿದ್ದ ಫಲಕಗಳನ್ನೇ ಕಿತ್ತರು. ನಗರಾಡಳಿತ ಕೋರ್ಟ್ ಮೆಟ್ಟಿಲೇರಿತು.

ಜೇಮ್ಸ್‌ಟೌನ್‌ನ ಈ ಜಾಗವೂ ಅದೇ ರಾಷ್ಟ್ರೀಯ ಉದ್ಯಾನ ಇಲಾಖೆಯದು. ಏಂಜೆಲಾ ಇದ್ದಳು ಅಂತ ಹೇಳಿದರೆ ಪಿಯರ್ಸ್‌ಗೆ ಅವಮಾನವೇ? ಅವನ ಮನೆಯ ಗಣತಿಯಲ್ಲೇ ಅವಳ ಹೆಸರಿದೆಯಲ್ಲ! ಫಲಕದಿಂದ ಅಳಿಸಿದರೂ ಪಿಯರ್ಸ್ ಹತ್ತು ಕಡತಗಳಲ್ಲಿ ಬದುಕುತ್ತಾನೆ. ಏಂಜೆಲಾಗೆ ಇರೋದು ಎರಡು ಸಾಲು, ಮತ್ತೆ ಈ ಮಣ್ಣು.

ಆ ಮಣ್ಣಿಗೂ ಗ್ಯಾರಂಟಿ ಇಲ್ಲ. ಜೇಮ್ಸ್ ನದಿಯ ನೀರು ಏರುತ್ತಿದೆ. 2022ರಲ್ಲೇ ಜೇಮ್ಸ್‌ಟೌನ್ ಅಮೆರಿಕದ ಅತಿ ಅಪಾಯದಲ್ಲಿರುವ 11 ಚಾರಿತ್ರಿಕ ತಾಣಗಳ ಪಟ್ಟಿಗೆ ಸೇರಿತ್ತು. ಅಗೆಯಬೇಕಾದ ನೆಲ ಅಲ್ಲಿ ಇನ್ನೂ ಬೇಕಾದಷ್ಟಿದೆ.