ಅಟ್ಲಾಂಟಿಕ್ ಒಡಂಬಡಿಕೆಯ ನಾಳೆ

ಎರಡನೆಯ ಮಹಾಯುದ್ಧ ಮುಗಿದು ನಾಲ್ಕು ವರ್ಷಗಳು ಕಳೆದಿದ್ದುವು. ಯುರೋಪು ಖಂಡದ ಎಷ್ಟೋ ನಗರಗಳು ಇನ್ನೂ ಪಾಳುಬಿದ್ದಿದ್ದುವು. ಖಂಡದ ಪೂರ್ವಭಾಗ ಸೋವಿಯತ್ ಒಕ್ಕೂಟದ ಹಿಡಿತದಲ್ಲಿತ್ತು. ಇಂಥ ಸನ್ನಿವೇಶದಲ್ಲಿ, ೧೯೪೯ರ ಏಪ್ರಿಲ್ ೪ರಂದು, ವಾಷಿಂಗ್ಟನ್ ನಗರದಲ್ಲಿ ೧೨ ರಾಷ್ಟ್ರಗಳು ಪರಸ್ಪರ ರಕ್ಷಣೆಯ ಒಡಂಬಡಿಕೆಯೊಂದಕ್ಕೆ ಸಹಿಹಾಕಿದುವು. ಅದರಿಂದ ಹುಟ್ಟಿದ ಸಂಸ್ಥೆಯೇ ನೇಟೋ. ಅದರ ಮೊದಲ ಮಹಾಕಾರ್ಯದರ್ಶಿ ಲಾರ್ಡ್ ಇಸ್ಮೇ ಜನಿಸಿದ್ದು ನಮ್ಮ ದೇಶದ ನೈನಿತಾಲಿನಲ್ಲಿ ಎಂಬುದು ಹೆಚ್ಚು ಜನರಿಗೆ ತಿಳಿಯದು.

ಈ ಒಡಂಬಡಿಕೆಯ ಜೀವಾಳ ಅದರ ೫ನೆಯ ವಿಧಿ. ಸದಸ್ಯರಲ್ಲಿ ಒಬ್ಬರ ಮೇಲೆ ನಡೆದ ದಾಳಿ ಎಲ್ಲರ ಮೇಲೂ ನಡೆದ ದಾಳಿಯೆಂದು ಅದು ಸಾರುತ್ತದೆ. ಆದರೆ ಅದನ್ನು ಕಣ್ಣಿಟ್ಟು ಓದಿದವರಿಗೆ ಬೇರೊಂದು ಸಂಗತಿ ಗೋಚರಿಸುತ್ತದೆ. ಆಗ ಪ್ರತಿಯೊಂದು ರಾಷ್ಟ್ರವೂ ತನಗೆ ಅಗತ್ಯವೆಂದು ತೋರಿದ ಕ್ರಮವನ್ನು ಕೈಗೊಳ್ಳತಕ್ಕದ್ದು ಎಂದಷ್ಟೇ ಅಲ್ಲಿದೆ. ಸೈನ್ಯವನ್ನು ಕಳುಹಿಸಲೇಬೇಕೆಂಬ ಕಟ್ಟಳೆಯಿಲ್ಲ. ಬರೆದ ಮಾತಿಗೂ ಭರವಸೆಗೂ ನಡುವಣ ಈ ಅಂತರವನ್ನು ತುಂಬಿದ್ದು ಅಮೆರಿಕ ಬಂದೇ ಬರುವುದೆಂಬ ನಂಬಿಕೆ. ಮಿತ್ರರು ಅದನ್ನು ನಂಬಿದರೆ ಸಾಲದು, ಶತ್ರುವೂ ನಂಬಬೇಕು.

೬ನೆಯ ವಿಧಿ ರಕ್ಷಣೆಯ ಎಲ್ಲೆಯನ್ನು ಗುರುತಿಸಿತು. ಮುಖ್ಯವಾಗಿ ಯುರೋಪು, ಉತ್ತರ ಅಮೆರಿಕ ಹಾಗೂ ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ಅಟ್ಲಾಂಟಿಕ್ ಪ್ರದೇಶ. ಪೋರ್ಚುಗಲ್ ಸ್ಥಾಪಕ ಸದಸ್ಯನಾಗಿದ್ದರೂ, ೧೯೬೧ರ ಡಿಸೆಂಬರಿನಲ್ಲಿ ಭಾರತವು ಗೋವೆಯನ್ನೂ ಕಾರವಾರದ ಎದುರಿನ ಅಂಜದೀವ್ ದ್ವೀಪವನ್ನೂ ವಿಮೋಚನೆಗೊಳಿಸಿದಾಗ ನೇಟೋ ಅದರ ನೆರವಿಗೆ ಬರಬೇಕಾಗಿರಲಿಲ್ಲ.

ನಂಬಿಕೆಯ ಮೇಲೆ ನಿಂತದ್ದನ್ನು ಸಂಶಯ ಅಲುಗಿಸುವುದು ಸಹಜ. ಪ್ಯಾರಿಸ್ಸಿಗಾಗಿ ಅಮೆರಿಕ ತನ್ನ ನ್ಯೂಯಾರ್ಕನ್ನು ಪಣಕ್ಕೊಡ್ಡೀತೆ ಎಂಬ ಶಂಕೆ ಫ್ರಾನ್ಸಿನ ಅಧ್ಯಕ್ಷ ದಗಾಲ್ ಅವರನ್ನು ಕಾಡಿತ್ತು. ೧೯೬೬ರಲ್ಲಿ ಅವರು ತಮ್ಮ ದೇಶವನ್ನು ನೇಟೋದ ಸಂಯುಕ್ತ ಸೇನಾ ವ್ಯವಸ್ಥೆಯಿಂದ ಹೊರತಂದರು. ಸಂಸ್ಥೆಯ ಪ್ರಧಾನ ಕಚೇರಿ ಪ್ಯಾರಿಸ್ಸನ್ನು ಬಿಟ್ಟು ಬ್ರಸೆಲ್ಸಿಗೆ ಹೋಯಿತು. ಅಂದು ಅನೇಕರಿಗೆ ಅದು ಹಟಮಾರಿತನವೆಂದು ತೋರಿತು. ಅವರ ಪ್ರಶ್ನೆ ಮಾತ್ರ ಹಟದಿಂದ ಹುಟ್ಟಿದುದಾಗಿರಲಿಲ್ಲ.

೧೯೯೧ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಶತ್ರುವಿಲ್ಲದ ಮೇಲೆ ಕೋಟೆಯೇಕೆ ಎಂದವರೂ ಇದ್ದರು. ೨೦೨೨ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಯುದ್ಧ ಆರಂಭಿಸಿದ್ದು ಆ ಚರ್ಚೆಯನ್ನು ಮುಗಿಸಿತು. ದಶಕಗಳ ತಾಟಸ್ಥ್ಯವನ್ನು ತೊರೆದು ಫಿನ್ಲೆಂಡ್ ೨೦೨೩ರಲ್ಲಿ, ಸ್ವೀಡನ್ ೨೦೨೪ರಲ್ಲಿ ನೇಟೋ ಸೇರಿದುವು. ಸದಸ್ಯರ ಸಂಖ್ಯೆ ೩೨ಕ್ಕೆ ಏರಿತು.

ಹೀಗೆ ಹೊರಗೆ ಬೆಳೆದ ಸಂಸ್ಥೆ ಒಳಗೆ ಸಡಿಲವಾಗುತ್ತಿದೆ. ೫ನೆಯ ವಿಧಿ ಇದುವರೆಗೆ ಜಾರಿಗೆ ಬಂದದ್ದು ಒಂದೇ ಬಾರಿ, ೨೦೦೧ರ ಸೆಪ್ಟೆಂಬರಿನಲ್ಲಿ. ಅದೂ ದಾಳಿಗೊಳಗಾದ ಅಮೆರಿಕದ ಪರವಾಗಿ! ಮುಂದೆ ಆಫ್ಘಾನಿಸ್ತಾನದಲ್ಲಿ ಡೆನ್ಮಾರ್ಕಿನಂಥ ಪುಟ್ಟ ದೇಶದ ೪೦ಕ್ಕೂ ಹೆಚ್ಚು ಯೋಧರು ಪ್ರಾಣವಿತ್ತರು. ಅದೇ ಡೆನ್ಮಾರ್ಕ್ ರಾಜ್ಯಕ್ಕೆ ಸೇರಿದ ಗ್ರೀನ್ಲೆಂಡನ್ನು ಪಡೆಯಲು ಸೇನಾಬಲವನ್ನು ಬಳಸುವುದಿಲ್ಲವೆಂದು ಹೇಳಲು ಡೊನಾಲ್ಡ್ ಟ್ರಂಪ್ ೨೦೨೫ರ ಜನವರಿಯಲ್ಲಿ ನಿರಾಕರಿಸಿದರು. ಕಾವಲುಗಾರನೇ ಮನೆಯ ಮೇಲೆ ಕಣ್ಣಿಟ್ಟರೆ ಮಾಡುವುದೇನು? ಒಡಂಬಡಿಕೆಯನ್ನು ರಚಿಸಿದವರು ಇದನ್ನು ಊಹಿಸಿರಲಿಲ್ಲ.

ಆದರೂ ಅಮೆರಿಕದ ದೂರು ಪೂರ್ತಿ ಸುಳ್ಳಲ್ಲ. ರಾಷ್ಟ್ರೀಯ ಉತ್ಪನ್ನದ ಶೇಕಡಾ ೨ರಷ್ಟನ್ನು ರಕ್ಷಣೆಗೆ ವ್ಯಯಿಸುವ ಗುರಿಯನ್ನು ೨೦೧೪ರಲ್ಲಿ ಒಪ್ಪಿದ ಯುರೋಪಿನ ಹಲವು ಸಿರಿವಂತ ದೇಶಗಳು ವರ್ಷಗಟ್ಟಲೆ ಅದನ್ನು ಮುಟ್ಟಲಿಲ್ಲ. ೨೦೨೫ರ ಜೂನಿನಲ್ಲಿ ಹೇಗ್ ನಗರದ ಸಭೆ ಆ ಗುರಿಯನ್ನು ೨೦೩೫ರ ವೇಳೆಗೆ ಶೇಕಡಾ ೫ಕ್ಕೆ ಏರಿಸಿತು. ಹಣ ಸುರಿದ ಮಾತ್ರಕ್ಕೆ ಸೈನ್ಯ ಬೆಳೆಯುವುದಿಲ್ಲ. ಬೇಹಿನ ಉಪಗ್ರಹ, ಭಾರಿ ಸಾಗಣೆಯ ವಿಮಾನ, ಅಣ್ವಸ್ತ್ರದ ಆಸರೆ ಇವುಗಳಿಗೆ ಯುರೋಪು ಬಹುಮಟ್ಟಿಗೆ ಅಮೆರಿಕವನ್ನೇ ನೆಚ್ಚಿದೆ. ಅಮೆರಿಕದೊಡನೆ ಮುನಿದು ಬೇರೆಯಾಗುವುದು ಅವಿವೇಕ. ಅದು ಬಾರದಿದ್ದರೂ ನಿಲ್ಲಬಲ್ಲ ಶಕ್ತಿಯನ್ನು ಗಳಿಸಿಕೊಳ್ಳದಿರುವುದು ಇನ್ನೂ ದೊಡ್ಡ ಅವಿವೇಕ.

ಅಂಥ ಸಿದ್ಧತೆಯ ಒಂದು ಕುರುಹು ೨೦೨೫ರ ಮೇ ತಿಂಗಳಲ್ಲಿ ಲಿಥುವೇನಿಯದ ರಾಜಧಾನಿ ವಿಲ್ನಿಯಸ್ಸಿನಲ್ಲಿ ಕಂಡಿತು. ೧೯೪೧ರಲ್ಲಿ ಜರ್ಮನ್ ಸೇನೆ ಆಕ್ರಮಿಸಿಕೊಂಡಿದ್ದ ನಾಡು ಅದು. ಅಲ್ಲಿ ಕಾಯಮ್ಮಾಗಿ ನೆಲೆಯೂರಲು ಬಂದ ಜರ್ಮನಿಯ ದಳವನ್ನು ಈ ಸಲ ಲಿಥುವೇನಿಯದವರೇ ಬರಮಾಡಿಕೊಂಡರು.